ಪಟ್ಟಣದ ಬಡ ಮಕ್ಕಳಿಗೆ ಲಸಿಕೆ

ಹಳ್ಳಿಯಲ್ಲಿ ವೈದ್ಯನಿಲ್ಲ, ಪಟ್ಟಣದಲ್ಲಿ ವೈದ್ಯರಿಗೆ ಬರವಿಲ್ಲ ಎಂಬುದು ನಮ್ಮಲ್ಲಿ ಬಹುಕಾಲದಿಂದ ರೂಢವಾಗಿ ಬಂದಿರುವ ಮಾತು. ಆದಕಾರಣ ಜನಾರೋಗ್ಯದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಮುಖಂಡರ ಅನುಕಂಪವು ಹಳ್ಳಿಯ ಕಡೆಗೆ ಹರಿಯುತ್ತದೆ. ಅದು ಉಚಿತವೇ ಸರಿ. ಆದರೆ ಪಟ್ಟಣದಲ್ಲಿ ಹುಟ್ಟಿದ ಮಗುವಿಗೆ ಎಲ್ಲವೂ ತಾನಾಗಿಯೇ ದೊರೆಯುವುದೆಂದು ಭಾವಿಸಿ ಸುಮ್ಮನಿರುವುದು ಎಂತಹ ಭ್ರಾಂತಿಯೆಂಬುದನ್ನು ಸರ್ಕಾರದವರೇ ಮಾಡಿಸಿದ ಲೆಕ್ಕವು ತೋರಿಸಿಕೊಟ್ಟಿದೆ. ೨೦೧೫-೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಂದು ವರ್ಷ ತುಂಬಿ ಎರಡು ತುಂಬದ ಮಕ್ಕಳಲ್ಲಿ ಮೂಲ ಲಸಿಕೆಗಳನ್ನೆಲ್ಲ ಪಡೆದವರು ದೇಶದ ಪಟ್ಟಣಗಳಲ್ಲಿ ಶೇಕಡಾ ೬೩.೯, ಹಳ್ಳಿಗಳಲ್ಲಿ ಶೇಕಡಾ ೬೧.೩. ೨೦೧೯-೨೧ರ ಸಮೀಕ್ಷೆಯ ಹೊತ್ತಿಗೆ ಹಳ್ಳಿಯು ಶೇಕಡಾ ೭೬.೮ಕ್ಕೆ ಏರಿತು, ಪಟ್ಟಣವು ಶೇಕಡಾ ೭೫.೫ಕ್ಕೆ ಬಂದು ನಿಂತಿತು. ಎರಡೂ ಮುಂದುವರಿದವೆಂಬುದು ಸಂತೋಷದ ಸಂಗತಿ. ಆದರೆ ಮುಂದೆ ಇದ್ದ ಪಟ್ಟಣವು ಹಿಂದೆ ಬಿದ್ದಿತು.

ಅಂತರವು ಅಲ್ಪವಲ್ಲವೇ ಎಂದು ಕೆಲವರು ಕೇಳಬಹುದು. ಅಂತರವು ಅಲ್ಪವೇ; ಆದರೆ ಅದು ಇರಲೇಬಾರದಾಗಿತ್ತು. ಬೀದಿಗೊಂದು ಆಸ್ಪತ್ರೆಯ ಫಲಕವನ್ನು ತೂಗಹಾಕಿಕೊಂಡಿರುವ ಪಟ್ಟಣದಲ್ಲಿ ನಾಲ್ಕು ಮಕ್ಕಳಲ್ಲಿ ಒಂದು ಮಗುವಿಗೆ ಪೂರ್ಣ ರಕ್ಷಣೆಯಿಲ್ಲವೆಂದರೆ ಅದಕ್ಕೆ ದೂರವು ಕಾರಣವಲ್ಲ, ದಾರಿಯಿಲ್ಲದಿರುವುದು ಕಾರಣವಲ್ಲ, ಮದ್ದಿನ ಅಭಾವವೂ ಕಾರಣವಲ್ಲ. ಇದಲ್ಲದೆ ಸರಾಸರಿಯೆಂಬುದು ಉಪ್ಪರಿಗೆಯ ಮಗುವನ್ನೂ ತಗಡಿನ ಶೆಡ್ಡಿನ ಮಗುವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಲೆಕ್ಕ. ಉಪ್ಪರಿಗೆಯ ಮಗುವಿಗೆ ಲಸಿಕೆ ತಪ್ಪುವುದು ಅಪರೂಪ. ಹಾಗಾದರೆ ತಪ್ಪಿದವರೆಲ್ಲ ಯಾವ ಬೀದಿಯವರೆಂಬುದನ್ನು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮದ್ದಿನ ಅಭಾವವಿಲ್ಲವೆಂದೆವು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ನಮ್ಮ ದೇಶದಲ್ಲಿ ೧೯೮೫ರಿಂದ ನಡೆದುಬಂದಿದೆ. ಕ್ಷಯ, ಪೋಲಿಯೋ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ದಡಾರ, ರುಬೆಲ್ಲಾ, ರೋಟಾ ವೈರಸ್ಸಿನ ಅತಿಸಾರ, ನ್ಯುಮೋನಿಯಾ ಮೊದಲಾದ ರೋಗಗಳಿಗೆ ಪ್ರತಿಯಾದ ಲಸಿಕೆಗಳನ್ನು ಸರ್ಕಾರವು ತಾನೇ ಕೊಂಡು, ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿ ಕಾಪಾಡಿಕೊಂಡು, ನಗರದ ಆರೋಗ್ಯ ಕೇಂದ್ರದ ಪೆಟ್ಟಿಗೆಯವರೆಗೆ ತಂದು ಮುಟ್ಟಿಸುತ್ತದೆ. ಒಂದು ಕಾಸೂ ಕೊಡಬೇಕಾಗಿಲ್ಲ. ನೂರಾರು ಹರದಾರಿ ಪ್ರಯಾಣಮಾಡಿ ಬಂದ ಆ ಶೀಶೆಯು ಕೇಂದ್ರದಿಂದ ಮಗುವಿನ ತೋಳಿನವರೆಗಿನ ಕಟ್ಟಕಡೆಯ ಅರ್ಧ ಮೈಲಿಯನ್ನು ದಾಟಲಾರದೆ ನಿಲ್ಲುತ್ತದೆ. ಆ ಅರ್ಧ ಮೈಲಿಯಲ್ಲಿ ಏನಿದೆ ಎಂಬುದೇ ಇಂದಿನ ನಮ್ಮ ವಿಚಾರ. ದೇಶದ ದೊಡ್ಡ ಪಟ್ಟಣಗಳಲ್ಲೆಲ್ಲ ಇದು ಒಂದೇ ಬಗೆಯಾಗಿರುವುದರಿಂದ, ನಮಗೆ ಸಮೀಪದ ಬೆಂಗಳೂರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ.

ಮೊದಲನೆಯ ಅಡ್ಡಿ ಪಟ್ಟಿಯದು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದಲೂ, ಬಿಹಾರ, ಒಡಿಶಾ, ಬಂಗಾಳಗಳಿಂದಲೂ ಕಟ್ಟಡದ ಕೆಲಸಕ್ಕಾಗಿ ಬಂದ ಕುಟುಂಬಗಳು ಬೆಂಗಳೂರಿನ ಅಂಚಿನ ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಗುಡಿಸಲುಗಳನ್ನು ಹಾಕಿಕೊಂಡಿರುವುದನ್ನು ಎಲ್ಲರೂ ನೋಡಿದ್ದಾರೆ. ೧೯೭೩ರ ಕೊಳಗೇರಿ ಕಾನೂನಿನ ಪ್ರಕಾರ ಸರ್ಕಾರವು ಒಂದು ಪ್ರದೇಶವನ್ನು ಕೊಳಗೇರಿಯೆಂದು ಘೋಷಿಸಬೇಕು. ಘೋಷಣೆಯಾದ ಮೇಲೆ ಅದು ಸರ್ಕಾರದ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ. ಖಾಸಗಿ ಜಮೀನಿನಲ್ಲಿ ಇಂದು ಎದ್ದು, ಕಟ್ಟಡ ಮುಗಿದೊಡನೆ ಮತ್ತೊಂದು ಕಡೆಗೆ ಹೊರಟುಹೋಗುವ ಗುಡಿಸಲುಗಳ ಗುಂಪನ್ನು ಯಾರು ಘೋಷಿಸುತ್ತಾರೆ? ಪಟ್ಟಿಯಲ್ಲಿಲ್ಲದ ಬೀದಿಗೆ ದಾದಿ ಹೋಗುವುದಿಲ್ಲ. ದಾದಿ ಹೋಗದ ಬೀದಿಯ ಮಗು ಎಣಿಕೆಗೆ ಬರುವುದಿಲ್ಲ. ಎಣಿಕೆಗೆ ಬಾರದ ಮಗುವಿಗೆ ಲಸಿಕೆ ತಪ್ಪಿದರೂ ಇಲಾಖೆಯ ಶೇಕಡಾವಾರು ಅಂಕಿಗೆ ಯಾವ ಭಂಗವೂ ಬರುವುದಿಲ್ಲ. ೨೦೧೧ರ ತರುವಾಯ ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿಯೂ ಆ ವರ್ಷ ನಡೆಯದೆ ಹೋದುದರಿಂದ, ಬೆಳೆದ ಊರನ್ನು ಹಳೆಯ ಅಂಗಿಯ ಅಳತೆಯಿಂದಲೇ ಅಳೆಯುವ ಪ್ರಸಂಗ ಒದಗಿತು. ವರದಿಯಲ್ಲಿ ನಗರವು ಸುರಕ್ಷಿತ. ಗುಡಿಸಲಿನಲ್ಲಿ ಮಗು ಅರಕ್ಷಿತ.

ಎರಡನೆಯ ಅಡ್ಡಿ ವೇಳೆಯದು. ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ತಾಯಿಯು ಬೆಳಗಾಗುತ್ತಲೇ ಮನೆ ಬಿಟ್ಟರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ರಸ್ತೆ ಗುಡಿಸುವ ಪೌರಕಾರ್ಮಿಕಳು ಊರು ಏಳುವುದಕ್ಕೆ ಮೊದಲೇ ಎದ್ದು ಹೊರಟಿರುತ್ತಾಳೆ. ಗಾರೆ ಕೆಲಸದವಳಿಗೆ ಮೇಸ್ತ್ರಿಯು ಕರೆದ ದಿನವೇ ಕೂಲಿ. ಲಸಿಕೆಯ ದಿನವಾದರೋ ವಾರಕ್ಕೊಮ್ಮೆ, ಕಚೇರಿಯ ವೇಳೆಯಲ್ಲಿ. ಹಾಗೂ ಹೀಗೂ ಆ ತಾಯಿಯು ಒಂದು ದಿನದ ಕೂಲಿಯನ್ನು ಬಿಟ್ಟು ಮಗುವನ್ನೆತ್ತಿಕೊಂಡು ಬಂದಳೆನ್ನೋಣ. ದಡಾರ-ರುಬೆಲ್ಲಾ ಲಸಿಕೆಯ ಒಂದು ಶೀಶೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಅದನ್ನು ಉಪಯೋಗಿಸಬೇಕು, ಮಿಕ್ಕರೆ ಚೆಲ್ಲಬೇಕು. ಒಂದು ಮಗುವಿಗೋಸ್ಕರ ಶೀಶೆಯನ್ನು ಒಡೆದರೆ ಉಳಿದುದು ಹಾಳಾಗಿ ತನ್ನ ಲೆಕ್ಕಕ್ಕೆ ಕುಂದು ಬರುವುದೆಂದು ಅಂಜಿದ ದಾದಿಯು, "ಇವತ್ತು ಮಕ್ಕಳು ಕಮ್ಮಿ, ಮುಂದಿನ ವಾರ ಬಾಮ್ಮ" ಎಂದು ಕಳುಹಿಸಿಬಿಟ್ಟರೆ ಆ ತಾಯಿಯು ಮುಂದಿನ ವಾರ ಬರುವಳೇ? ಎರಡನೆಯ ದಿನದ ಕೂಲಿಯನ್ನು ಎಲ್ಲಿಂದ ತಂದಾಳು? ಚೆಲ್ಲಿಹೋದ ಮದ್ದಿನ ಬೆಲೆಯನ್ನು ಸರ್ಕಾರವು ಪೈಸೆಯ ಮಟ್ಟಿಗೂ ಲೆಕ್ಕ ಹಾಕಬಲ್ಲದು. ಹಿಂದಿರುಗಿ ಹೋದ ಮಗುವಿನ ಬೆಲೆಯನ್ನು ಯಾವ ವಹಿಯಲ್ಲಿ ಬರೆಯುತ್ತಾರೆ?

ಮೂರನೆಯದು ಕಾಗದದ ಅಡ್ಡಿ. ತಾಯಿ ಕಾರ್ಡು ಊರಿನ ಮನೆಯ ಜಂತಿಯಲ್ಲಿ ಸಿಕ್ಕಿಸಿದಂತೆಯೇ ಉಳಿದಿರುತ್ತದೆ. ಆಧಾರಿನಲ್ಲಿ ಬರೆದ ವಿಳಾಸ ಇನ್ನೊಂದು ಜಿಲ್ಲೆಯದು. ಮಗುವಿಗೆ ಆರನೆಯ ವಾರದ ಲಸಿಕೆ ಊರಿನಲ್ಲಿ ಆಯಿತು, ಹತ್ತನೆಯ ವಾರದ್ದು ದಾರಿಯಲ್ಲಿ ತಪ್ಪಿತು, ಹದಿನಾಲ್ಕನೆಯ ವಾರದ ಹೊತ್ತಿಗೆ ತಾಯಿಯು ಬೆಂಗಳೂರಿನ ಯಾವುದೋ ಅಪರಿಚಿತ ಮೂಲೆಯಲ್ಲಿದ್ದಾಳೆ. ಆಧಾರು ಇಲ್ಲವೆಂದು ಮಗುವಿಗೆ ಲಸಿಕೆಯನ್ನು ನಿರಾಕರಿಸಬೇಕೆಂದು ಯಾವ ನಿಯಮವೂ ವಿಧಿಸುವುದಿಲ್ಲ. ಆದರೆ ಮೇಜಿನ ಆಚೆ ಕುಳಿತವರು "ಕಾರ್ಡು ಎಲ್ಲಿ? ಯಾವ ಊರು?" ಎಂದು ಗದರಿಸಿ ಕೇಳಿದರೆ, ಆ ಪ್ರಶ್ನೆಯೇ ನಿರಾಕರಣೆಯಾಗಿ ಪರಿಣಮಿಸುತ್ತದೆಂಬುದನ್ನು ಬಡವರ ಸ್ವಭಾವವನ್ನು ಬಲ್ಲವರೆಲ್ಲ ಒಪ್ಪುತ್ತಾರೆ. ಯಾರದೋ ಜಮೀನಿನಲ್ಲಿ ಬಿಡಾರ ಹಾಕಿದವರಿಗೆ ಸರ್ಕಾರದ ಪ್ರಶ್ನೆಯೆಂದರೆ ಮೊದಲೇ ಎದೆ ನಡುಗುತ್ತದೆ.

ಕಾಗದವೂ ಹಣವೂ ಸೇರಿ ಏನು ಮಾಡಬಲ್ಲವೆಂಬುದನ್ನು ನಾವೆಲ್ಲರೂ ೨೦೨೧ರಲ್ಲಿ ಕಣ್ಣಾರೆ ಕಂಡೆವು. ಕೋವಿಡ್ ಮಾರಿಯು ಮನೆಮನೆಗೂ ನುಗ್ಗಿದ್ದ ಆ ವರ್ಷದ ಮೇ ೧ರಿಂದ ೧೮ರಿಂದ ೪೪ ವರ್ಷದವರಿಗೆ ಲಸಿಕೆ ತೆರೆಯಿತು. ಆದರೆ ಕೋವಿನ್ ಎಂಬ ಜಾಲತಾಣದಲ್ಲಿ ಮೊದಲೇ ಹೆಸರು ಬರೆಯಿಸಿ ವೇಳೆಯನ್ನು ಗೊತ್ತುಮಾಡಿಕೊಂಡವರಿಗೆ ಮಾತ್ರ. ಒಳ್ಳೆಯ ಫೋನೂ, ವೇಗದ ಸಂಪರ್ಕವೂ, ಚುರುಕಾದ ಬೆರಳುಗಳೂ ಇದ್ದವರು ಕ್ಷಣಮಾತ್ರದಲ್ಲಿ ಸರದಿಯನ್ನು ಹಿಡಿದುಕೊಂಡರು. ಆ ತಾಣದಲ್ಲಿ ಕನ್ನಡವು ಕಾಣಿಸಿಕೊಂಡುದೇ ಜೂನ್ ತಿಂಗಳಲ್ಲಿ. ಸ್ಥಳಕ್ಕೆ ಬಂದವರ ಹೆಸರನ್ನು ಅಲ್ಲಿಯೇ ಬರೆದುಕೊಳ್ಳಲು ಸರ್ಕಾರಿ ಕೇಂದ್ರಗಳಿಗೆ ಅನುಮತಿ ದೊರೆತದ್ದು ಮೇ ೨೪ರಂದು. ಖಾಸಗಿ ಆಸ್ಪತ್ರೆಗಳಲ್ಲಿ ಕೋವಿಶೀಲ್ಡಿಗೆ ೭೮೦ ರೂಪಾಯಿ, ಕೋವ್ಯಾಕ್ಸಿನಿಗೆ ೧,೪೧೦ ರೂಪಾಯಿ ಎಂದು ಜೂನಿನಲ್ಲಿ ಗರಿಷ್ಠ ದರವನ್ನು ಕಟ್ಟಿದರು. ಗಂಡಹೆಂಡಿರಿಬ್ಬರಿಗೆ ಎರಡೆರಡು ಸಲ ಹಾಕಿಸಬೇಕಾದ ಕೂಲಿಯವನಿಗೆ ಅದು ವಾರಗಟ್ಟಲೆಯ ಅನ್ನದ ಬೆಲೆ. ಹರೆಯದವರು ಹಣ ತೆತ್ತು ಲಸಿಕೆ ಪಡೆಯಬೇಕೆಂಬ ಕ್ರಮವು ಮೇಲ್ನೋಟಕ್ಕೆ ಯುಕ್ತಿಗೆ ಒಪ್ಪುವಂತಹುದಲ್ಲವೆಂದು ಸುಪ್ರೀಂ ಕೋರ್ಟು ಮೇ ೩೧ರ ಆಜ್ಞೆಯಲ್ಲಿ ಅಭಿಪ್ರಾಯಪಟ್ಟು, ಫೋನಿಲ್ಲದವರ ಗತಿಯೇನೆಂದೂ ಪ್ರಶ್ನಿಸಿತು. ಜೂನ್ ೨೧ರಿಂದ ಕೇಂದ್ರ ಸರ್ಕಾರವು ನೀತಿಯನ್ನು ಬದಲಾಯಿಸಿ, ಸರ್ಕಾರಿ ಕೇಂದ್ರಗಳಲ್ಲಿ ವಯಸ್ಕರೆಲ್ಲರಿಗೂ ಉಚಿತವಾಗಿ ಲಸಿಕೆ ಕೊಟ್ಟಿತು. ಬಾಗಿಲು ತೆರೆದಿದೆಯೆಂದು ಸಾರಿದ ಮಾತ್ರಕ್ಕೆ ಎಲ್ಲರೂ ಒಳಗೆ ಬರಲಾರರೆಂಬ ಪಾಠವು ಅಷ್ಟು ದುಬಾರಿಯ ಬೆಲೆಗೆ ನಮಗೆ ದೊರೆತದ್ದು. ಆ ಪಾಠವನ್ನು ಮಾರಿಯ ಜೊತೆಯಲ್ಲಿಯೇ ಮರೆತುಬಿಡುವುದು ಬುದ್ಧಿವಂತರ ಲಕ್ಷಣವಲ್ಲ.

ಮರೆತರೆ ಏನಾಗುವುದೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. ೨೦೨೨ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯಲ್ಲಿ ದಡಾರವು ಭುಗಿಲೆದ್ದಿತು. ಎದ್ದುದು ಎಲ್ಲಿ? ದೇವನಾರದ ಕಸದ ಗುಡ್ಡದ ಮಗ್ಗುಲಲ್ಲಿ ಇಕ್ಕಟ್ಟಾಗಿ ಹಬ್ಬಿರುವ ಗೋವಂಡಿಯ ಬಡವರ ಕೇರಿಗಳಲ್ಲಿ. ಕೋವಿಡ್ಡಿನ ಗೊಂದಲದಲ್ಲಿ ಲಸಿಕೆ ತಪ್ಪಿಹೋದ ಮಕ್ಕಳು ಅಲ್ಲಿ ಗುಂಪುಗುಂಪಾಗಿ ಉಳಿದುಕೊಂಡಿದ್ದರು. ಹಲವು ಹಸುಮಕ್ಕಳು ಸತ್ತರು. ಆ ಬಳಿಕ ಪಾಲಿಕೆಯವರು ಮನೆಮನೆಗೂ ಹೋದರು, ಹೆಚ್ಚಿನ ಲಸಿಕೆಯನ್ನು ಹಾಕಿದರು, ಆಸ್ಪತ್ರೆಯಲ್ಲಿ ಹಾಸಿಗೆಗಳನ್ನು ಅಣಿಮಾಡಿದರು. ಅದೇ ಮನೆಗಳಿಗೆ ಅದೇ ಜನರು ಆರು ತಿಂಗಳ ಮೊದಲೇ ಹೋಗಿದ್ದರೆ ಆ ತಾಯಂದಿರ ಮಡಿಲು ಬರಿದಾಗುತ್ತಿರಲಿಲ್ಲ. ದಡಾರವೆಂದರೆ ಎಲ್ಲ ಮಕ್ಕಳಿಗೂ ಬಂದು ಹೋಗುವ 'ಅಮ್ಮ' ಎಂದು ಹಗುರವಾಗಿ ಎಣಿಸುವವರು ಇಂದಿಗೂ ಇದ್ದಾರೆ. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯು ಹನ್ನೆರಡರಿಂದ ಹದಿನೆಂಟು ಮಂದಿಗೆ ಹರಡಬಲ್ಲ ರೋಗವದು. ಅರೆಹೊಟ್ಟೆಯ ಮಗುವಿಗೆ ಅದು ಪ್ರಾಣಾಂತಿಕ. ಉಳಿದರೂ ಕಣ್ಣನ್ನು ಕಳೆಯಬಲ್ಲದು. ಅದನ್ನು ತಡೆದು ನಿಲ್ಲಿಸಬೇಕಾದರೆ ನೂರಕ್ಕೆ ತೊಂಬತ್ತೈದು ಮಕ್ಕಳಿಗಾದರೂ ಎರಡೂ ಬಾರಿಯ ಲಸಿಕೆ ಬಿದ್ದಿರಬೇಕೆಂದು ತಜ್ಞರು ಹೇಳುತ್ತಾರೆ. ಊರಿಗೆಲ್ಲ ತೊಂಬತ್ತೈದಾಗಿ, ಒಂದು ಕೇರಿಗೆ ಮಾತ್ರ ಅರವತ್ತಾದರೆ ಬೆಂಕಿ ಹತ್ತುವುದು ಆ ಕೇರಿಯಲ್ಲಿಯೇ.

ಇಷ್ಟನ್ನು ಹೇಳಿದೊಡನೆ ನಮ್ಮ ವಿದ್ಯಾವಂತರಲ್ಲಿ ಕೆಲವರು ಒಂದು ಸಿದ್ಧವಾದ ಉತ್ತರವನ್ನು ಕೊಡುತ್ತಾರೆ: "ಈ ಜನ ಅಜ್ಞಾನಿಗಳು, ಮೂಢನಂಬಿಕೆಯವರು, ಕೊಟ್ಟರೂ ಹಾಕಿಸಿಕೊಳ್ಳುವುದಿಲ್ಲ." ಈ ಮಾತನ್ನು ನಾವು ಒಪ್ಪಲಾರೆವು. ಹೊಸ ಮದ್ದಿನ ಸಂಶಯವು ಬಡವರ ಸೊತ್ತೇನೂ ಅಲ್ಲ. ೧೮೦೨ರ ಜೂನಿನಲ್ಲಿ ಮುಂಬಯಿಯ ಒಂದು ಮೂರು ವರ್ಷದ ಮಗುವಿಗೆ ಸಿಡುಬಿನ ಲಸಿಕೆಯನ್ನು ಹಾಕಿದಂದಿನಿಂದ ಈ ದೇಶದಲ್ಲಿ ದಾಕು ಹಾಕುವ ಪದ್ಧತಿಯು ಆರಂಭವಾಯಿತು. ಆಗ ಎಲ್ಲ ವರ್ಗದವರಲ್ಲಿಯೂ ಅನುಮಾನವಿತ್ತು. ೧೮೦೫ರ ಸುಮಾರಿನಲ್ಲಿ ತಾಮಸ್ ಹಿಕಿ ಎಂಬ ಚಿತ್ರಕಾರನು ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಅವರಲ್ಲೊಬ್ಬ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ತಾನು ದಾಕು ಹಾಕಿಸಿಕೊಂಡಿದ್ದೇನೆಂದು ಪ್ರಜೆಗಳಿಗೆ ತಿಳಿಸುವ ಸಲುವಾಗಿಯೇ ಎಂದು ಇತಿಹಾಸಜ್ಞರು ಊಹಿಸಿದ್ದಾರೆ. ಆ ಊಹೆ ನಿಜವಾದರೆ, ನಂಬಿಕೆಯನ್ನು ಆಜ್ಞೆಯಿಂದ ಪಡೆಯಲಾಗದು, ತಾವು ಮೊದಲು ನಡೆದು ತೋರಿಸಿ ಪಡೆಯಬೇಕೆಂಬುದನ್ನು ಮೈಸೂರು ಅಂದೇ ಅರಿತಿದ್ದಿತೆನ್ನಬೇಕು.

ಇದಕ್ಕೆ ವಿರುದ್ಧವಾದ ಪಾಠವನ್ನು ಪ್ಲೇಗು ಕಲಿಸಿತು. ೧೮೯೬ರಲ್ಲಿ ಮುಂಬಯಿಗೆ ಬಂದಿಳಿದ ಆ ಮಾರಿಗೆ ಹಾಫ್ಕಿನ್ ಎಂಬ ವಿಜ್ಞಾನಿಯು ಅಲ್ಲಿಯೇ ಕುಳಿತು ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಇದು ನಂಬಿಕೆಯ ದಾರಿ. ಅದೇ ವರ್ಷ ಪುಣೆಯಲ್ಲಿ ಪರಕೀಯ ಸರ್ಕಾರವು ಸಿಪಾಯಿಗಳನ್ನು ಮನೆಯೊಳಕ್ಕೆ ನುಗ್ಗಿಸಿ, ಹೆಂಗಸರೆನ್ನದೆ ದೇವರ ಕೋಣೆಯೆನ್ನದೆ ಶೋಧಿಸಿತು. ಇದು ಬಲಾತ್ಕಾರದ ದಾರಿ; ಅದರ ಪರಿಣಾಮವನ್ನು ದೇಶವೆಲ್ಲ ಬಲ್ಲದು. ೧೮೯೮ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದಿತು; ಬಸವನಗುಡಿ, ಮಲ್ಲೇಶ್ವರಗಳಂತಹ ಗಾಳಿ ಬೆಳಕಿನ ಬಡಾವಣೆಗಳು ಬೆಳೆದುದಕ್ಕೆ ಅದೂ ಒಂದು ಮುಖ್ಯ ಕಾರಣ. ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಶೀಶೆಯ ಮದ್ದನ್ನು ಚುಚ್ಚಿಸಿಕೊಂಡ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ನನ ಮೇಲೆ ಬಂದ ಅಪವಾದವು ೧೯೦೭ರ ಹೊತ್ತಿಗೆ ನೀಗಿತು. ಜನರ ಮನಸ್ಸಿನ ಭಯವು ಅಷ್ಟು ಬೇಗ ನೀಗಲಿಲ್ಲ. ಇಂತಹ ಭಯವನ್ನು ಮೂಢತನವೆಂದು ಹಳಿಯುವವರು ಮನುಷ್ಯರ ಮನಸ್ಸನ್ನು ಅರಿತವರಲ್ಲ.

ಇಂದಿನ ಭಯವೂ ಹಾಗೆಯೇ ಸಕಾರಣವಾದುದು. ಆರನೆಯ ವಾರದ ಚುಚ್ಚುಮದ್ದಿನ ಬಳಿಕ ಮಗುವಿಗೆ ಜ್ವರ ಬರುವುದುಂಟು, ತೊಡೆ ಊದಿಕೊಳ್ಳುವುದುಂಟು. ಒಂದೆರಡು ದಿನಗಳಲ್ಲಿ ಅದು ಇಳಿಯುತ್ತದೆ. ಇದನ್ನು ಮೊದಲೇ ತಿಳಿಸದೆ ಸೂಜಿ ಚುಚ್ಚಿ ಕಳುಹಿಸಿದರೆ, ರಾತ್ರಿಯೆಲ್ಲ ಚೀರುವ ಮಗುವನ್ನು ಹೆಗಲಿಗೆ ಹಾಕಿಕೊಂಡು ತಿರುಗುವ ತಾಯಿಯು ಚೆನ್ನಾಗಿದ್ದ ಕೂಸನ್ನು ಆಸ್ಪತ್ರೆಯವರು ಕೆಡಿಸಿದರೆಂದು ತಿಳಿಯದೆ ಇನ್ನೇನನ್ನು ತಿಳಿದಾಳು? ಮರುದಿನ ಆಕೆಗೆ ಕೂಲಿಯೂ ಇಲ್ಲ. ಆಕೆಯ ಮಾತನ್ನು ಕೇಳಿದ ನೆರೆಯ ನಾಲ್ಕು ತಾಯಂದಿರು ಕೇಂದ್ರದ ಕಡೆಗೆ ಸುಳಿಯುವುದಿಲ್ಲ. ಎರಡು ನಿಮಿಷ ಆಕೆಯ ಭಾಷೆಯಲ್ಲಿ ಸಮಾಧಾನದಿಂದ ಮಾತನಾಡಿ, ಜ್ವರದ ಔಷಧವನ್ನು ಕೈಯಲ್ಲಿಟ್ಟು, ಮರುದಿನ ಒಬ್ಬರು ಹೋಗಿ ವಿಚಾರಿಸಿಕೊಂಡು ಬಂದಿದ್ದರೆ ಆಕೆಯೇ ಆ ಕೇರಿಯ ಪ್ರಚಾರಕಿಯಾಗುತ್ತಿದ್ದಳು. ಗೋಡೆಗೆ ಅಂಟಿಸುವ ಬಣ್ಣದ ಚಿತ್ರಗಳಿಗಿಂತ ಈ ಎರಡು ನಿಮಿಷಗಳ ಬೆಲೆ ಹೆಚ್ಚಿನದು.

ಇದೆಲ್ಲ ಆಗದ ಮಾತೆಂದು ಹೇಳುವವರಿಗೆ ಪೋಲಿಯೋ ಕಥೆಯನ್ನು ಜ್ಞಾಪಿಸಬಯಸುತ್ತೇವೆ. ಜನನಿಬಿಡವೂ ಬಡತನದಿಂದ ಕೂಡಿದುದೂ ಆದ ಈ ದೇಶದಿಂದ ಪೋಲಿಯೋ ತೊಲಗುವುದೆಂದು ಹೊರದೇಶದವರಲ್ಲಿ ಹಲವರು ನಂಬಿರಲಿಲ್ಲ. ೧೯೯೫ರಲ್ಲಿ ಪಲ್ಸ್ ಪೋಲಿಯೋ ಆರಂಭವಾಯಿತು. ಬೂತಿಗೆ ಬಾರದ ಮಗುವಿನ ಮನೆಗೆ ಕಾರ್ಯಕರ್ತೆ ಹೋದಳು. ಹನಿ ಹಾಕಿದ ಮಗುವಿನ ಬೆರಳಿಗೆ ಶಾಯಿ ಹಚ್ಚಿದರು. ಎಲ್ಲ ಮಕ್ಕಳಿಗೂ ಆದ ಮನೆಗೆ ಒಂದು ಗುರುತು, ತಪ್ಪಿದ ಮಗುವಿರುವ ಮನೆಗೆ ಇನ್ನೊಂದು ಗುರುತು ಹಾಕಿ, ಎರಡನೆಯ ಗುರುತಿನ ಬಾಗಿಲಿಗೆ ಮತ್ತೆ ಮತ್ತೆ ಹೋದರು. ಬಸ್ ನಿಲ್ದಾಣ, ರೈಲು ನಿಲ್ದಾಣ, ಇಟ್ಟಿಗೆ ಗೂಡು, ಕಟ್ಟಡದ ಕೆಲಸದ ಜಾಗ, ಅಲೆಮಾರಿಗಳ ಬಿಡಾರ, ಯಾವುದನ್ನೂ ಬಿಡಲಿಲ್ಲ. ಕಾರ್ಡನ್ನು ಯಾರೂ ಕೇಳಲಿಲ್ಲ. ಐದು ವರ್ಷದೊಳಗಿನ ಮಗುವಾಗಿದ್ದರೆ ಸಾಕಾಗಿತ್ತು. ೨೦೧೧ರ ಜನವರಿ ೧೩ರಂದು ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡುದೇ ಈ ದೇಶದ ಕಾಡು ಪೋಲಿಯೋದ ಕಟ್ಟಕಡೆಯ ಪ್ರಕರಣ. ೨೦೧೪ರ ಮಾರ್ಚ್ ೨೭ರಂದು ನಮಗೆ ಪೋಲಿಯೋಮುಕ್ತರೆಂಬ ಪ್ರಮಾಣಪತ್ರ ದೊರೆಯಿತು. ಮಗುವು ಲಸಿಕೆಯನ್ನು ಹುಡುಕಿಕೊಂಡು ಬರಲೆಂದು ಕಾದು ಕುಳಿತಿದ್ದರೆ ಆ ದಿನವು ಎಂದಿಗೂ ಬರುತ್ತಿರಲಿಲ್ಲ. ಲಸಿಕೆಯೇ ಮಗುವನ್ನು ಹುಡುಕಿಕೊಂಡು ಹೋದುದರಿಂದ ಬಂದಿತು. ವರ್ಷಕ್ಕೆ ಕೆಲವು ದಿನ ಮಾಡಿದ ಈ ಕಾರ್ಯವನ್ನು ವರ್ಷದುದ್ದಕ್ಕೂ ಮಾಡಬೇಕೆಂಬುದೇ ನಮ್ಮ ವಾದದ ಸಾರ.

ಇದಕ್ಕೆ ಬೇಕಾದ ಯಂತ್ರವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನವು ಐವತ್ತು ಸಾವಿರ ಜನಕ್ಕೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, ಹತ್ತು ಸಾವಿರ ಜನಕ್ಕೊಬ್ಬ ಆರೋಗ್ಯ ಸಹಾಯಕಿ, ಇನ್ನೂರರಿಂದ ಐನೂರು ಮನೆಗಳಿಗೊಬ್ಬ ಆಶಾ ಕಾರ್ಯಕರ್ತೆ, ಐವತ್ತರಿಂದ ನೂರು ಮನೆಗಳಿಗೊಂದು ಮಹಿಳಾ ಆರೋಗ್ಯ ಸಮಿತಿ ಇರಬೇಕೆಂದು ಗೊತ್ತುಮಾಡಿದೆ. ೨೦೧೪ರ ಡಿಸೆಂಬರಿನಲ್ಲಿ ತೊಡಗಿದ ಇಂದ್ರಧನುಷ್ ಅಭಿಯಾನವು ತಪ್ಪಿದ ಮಕ್ಕಳಿಗಾಗಿಯೇ ಹುಟ್ಟಿದುದು. ನಮ್ಮ ರಾಜ್ಯದಲ್ಲಿ ೨೦೨೨ರ ಡಿಸೆಂಬರಿನಿಂದ 'ನಮ್ಮ ಕ್ಲಿನಿಕ್'ಗಳು ತೆರೆದಿವೆ. ಮಗು ಎಲ್ಲಿಗೆ ಹೋದರೂ ಅದರ ಲಸಿಕೆಯ ದಾಖಲೆ ಬೆನ್ನಿಗೆ ಬರಲೆಂದು ೨೦೨೩ರಲ್ಲಿ ಯು-ವಿನ್ ಎಂಬ ವ್ಯವಸ್ಥೆಯನ್ನು ಪ್ರಯೋಗಕ್ಕೆ ತಂದರು. ಸಾರ್ವಜನಿಕ ಆರೋಗ್ಯವು ನಗರಸಭೆಗಳ ವ್ಯಾಪ್ತಿಗೆ ಸೇರಬಹುದಾದುದೆಂದು ಸಂವಿಧಾನದ ೭೪ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ಹೆಸರಿಸಿದೆ. ೨೦೨೫ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೋಗಿ ಅದರ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಗಡಿಗಳನ್ನು ಹೊಸದಾಗಿ ಎಳೆಯುವಾಗ ನಮಗೆ ಒಂದು ಆತಂಕವುಂಟು: ಎರಡು ಪಾಲಿಕೆಗಳ ನಡುವಣ ಗೆರೆಯ ಮೇಲೆ ಕುಳಿತ ಗುಡಿಸಲುಗಳನ್ನು ಅವರು ಇವರದೆಂದೂ ಇವರು ಅವರದೆಂದೂ ಕೈಬಿಟ್ಟಾರು. ಆದರೆ ಚಿಕ್ಕದಾದ ಪಾಲಿಕೆಗೆ ತನ್ನ ಕೇರಿಗಳನ್ನು ಹತ್ತಿರದಿಂದ ಅರಿಯುವ ಅವಕಾಶವೂ ಹೆಚ್ಚು. ಆ ಅವಕಾಶವನ್ನು ಬಳಸಿಕೊಳ್ಳಬೇಕೆಂಬುದೇ ನಮ್ಮ ಒತ್ತಾಯ.

ಹಾಗಾದರೆ ಮಾಡತಕ್ಕದ್ದೇನು? ಐದು ಕಾರ್ಯಗಳನ್ನು ಅಧಿಕಾರಿಗಳ ಮುಂದಿಡುತ್ತೇವೆ. ಒಂದು, ಘೋಷಿತವಾಗಿರಲಿ ಬಿಡಲಿ, ಜನರು ವಾಸಿಸುವ ಪ್ರತಿಯೊಂದು ಶೆಡ್ಡನ್ನೂ ಗುಡಿಸಲನ್ನೂ ಮೂರು ತಿಂಗಳಿಗೊಮ್ಮೆ ನಡೆದು ನೋಡಿ ಬರೆದುಕೊಳ್ಳುವುದು. ಈ ಪಟ್ಟಿಯನ್ನು ತೆರವುಮಾಡಿಸುವ ಕೆಲಸಕ್ಕೆ ಎಂದಿಗೂ ಉಪಯೋಗಿಸುವುದಿಲ್ಲವೆಂದು ಬಹಿರಂಗವಾಗಿ ಮಾತುಕೊಡುವುದು. ಎರಡು, ವಾರಕ್ಕೊಂದು ಸಂಜೆಯೂ ತಿಂಗಳಿಗೆರಡು ಭಾನುವಾರವೂ ಲಸಿಕೆ ಹಾಕುವುದು, ಮತ್ತು ದೊಡ್ಡ ಕಟ್ಟಡದ ಕೆಲಸದ ಜಾಗಕ್ಕೂ ಕಾರ್ಖಾನೆಯ ಬಾಗಿಲಿಗೂ ತಾವೇ ಹೋಗುವುದು. ಮೂರು, ಒಂದೇ ಮಗು ಬಂದರೂ ಶೀಶೆಯನ್ನು ತೆರೆಯತಕ್ಕದ್ದೆಂದು, ಅದಕ್ಕಾಗಿ ದಾದಿಯನ್ನು ಯಾರೂ ಪ್ರಶ್ನಿಸತಕ್ಕದ್ದಲ್ಲವೆಂದು ಲಿಖಿತ ಆಜ್ಞೆ ಹೊರಡಿಸುವುದು. ಕಾರ್ಡು ಇಲ್ಲದ ಮಗುವಿಗೆ ಅಲ್ಲಿಯೇ ಹೊಸ ಕಾರ್ಡು ಬರೆದುಕೊಡುವುದು. ನಾಲ್ಕು, ಕೇರಿಯ ಮಾತನ್ನಾಡಬಲ್ಲ ಕಾರ್ಯಕರ್ತೆಯನ್ನೇ ಆ ಕೇರಿಗೆ ನೇಮಿಸುವುದು. ಕನ್ನಡವಾಗಲಿ ತೆಲುಗಾಗಲಿ ಉರ್ದುವಾಗಲಿ ಹಿಂದಿಯಾಗಲಿ ಬಂಗಾಳಿಯಾಗಲಿ, ತಾಯಿಗೆ ತಿಳಿಯುವ ನುಡಿಯೇ ಅಲ್ಲಿ ರಾಜಭಾಷೆ. ಐದು, ಯಾವ ವಾರ್ಡಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಮಂದಿಗೆ ಒಂದು ಲಸಿಕೆಯೂ ಬಿದ್ದಿಲ್ಲ ಎಂಬುದನ್ನು ತಿಂಗಳಿಗೊಮ್ಮೆ ಪ್ರಕಟಿಸುವುದು. ತೋರಿಸಲು ನಾಚುವಂತಹ ಅಂಕಿಯೇ ತಿದ್ದಿಕೊಳ್ಳಲು ಪ್ರೇರಿಸುವ ಅಂಕಿ.

ಹಣವೆಲ್ಲಿದೆ ಎಂಬ ಪ್ರಶ್ನೆಯು ಕೊನೆಯಲ್ಲಿ ಬಂದೇ ಬರುತ್ತದೆ. ಲಸಿಕೆಯ ಬೆಲೆಯನ್ನು ಸರ್ಕಾರವು ಈಗಲೇ ಭರಿಸುತ್ತಿದೆ. ಮೇಲಣ ಕಾರ್ಯಗಳಿಗೆ ಮುಖ್ಯವಾಗಿ ಬೇಕಾದುದು ಜನ. ಆ ಜನರೆಂದರೆ ಬಿಸಿಲಿನಲ್ಲಿ ಓಣಿ ಓಣಿ ಸುತ್ತುವ ಆಶಾ ಕಾರ್ಯಕರ್ತೆಯರು. ಅವರಿಗೆ ಸಲ್ಲುವುದು ಸಂಬಳವಲ್ಲ, 'ಗೌರವಧನ' ಮತ್ತು 'ಪ್ರೋತ್ಸಾಹಧನ'. ೨೦೨೫ರ ಜನವರಿಯ ಚಳಿಯಲ್ಲಿ ಆ ಹೆಣ್ಣುಮಕ್ಕಳು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಧರಣಿ ಕುಳಿತುದನ್ನು ನಾಡು ಕಂಡಿತು. ಮಕ್ಕಳ ಪ್ರಾಣವನ್ನು ಯಾರ ಕಾಲಿನ ಮೇಲೆ ನಿಲ್ಲಿಸಿದ್ದೇವೆಯೋ ಅವರ ಹೊಟ್ಟೆಯನ್ನು ಅರೆಯಾಗಿರಿಸುವುದು ಮಿತವ್ಯಯವಲ್ಲ, ಅವಿವೇಕ. ಒಂದು ಮೇಲುಸೇತುವೆಯ ಹತ್ತಿರ ಬಂದಾಗ ಕೋಟಿಗಳನ್ನು ಲೆಕ್ಕಿಸದ ನಗರವು ಕಾರ್ಯಕರ್ತೆಯ ಹತ್ತಿರ ಬಂದಾಗ ರೂಪಾಯಿಯನ್ನು ಎಣಿಸುವುದನ್ನು ನಾವು ಯಾವ ಅರ್ಥಶಾಸ್ತ್ರದಿಂದಲೂ ಸಮರ್ಥಿಸಲಾರೆವು.

ಹೊಣೆಯೆಲ್ಲವನ್ನೂ ಸರ್ಕಾರದವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದೂ ನಮ್ಮ ಉದ್ದೇಶವಲ್ಲ. ಗುತ್ತಿಗೆದಾರರು ತಮ್ಮ ಶೆಡ್ಡಿನ ಕುಟುಂಬಗಳ ಮಕ್ಕಳ ಪಟ್ಟಿಯನ್ನು ಹತ್ತಿರದ ಕೇಂದ್ರಕ್ಕೆ ಕಳುಹಿಸಬಹುದು. ಲಸಿಕೆಯ ದಿನದ ಅರ್ಧ ಕೂಲಿಯನ್ನು ಹಿಡಿಯದೆ ಬಿಡಬಹುದು. ಕಾರ್ಖಾನೆಯ ಒಡೆಯರು ತಾಯಿಗೆ ಎರಡು ಗಂಟೆಯ ಬಿಡುವು ಕೊಟ್ಟರೆ ಅವರ ಗಿರಣಿ ನಿಂತುಹೋಗುವುದಿಲ್ಲ. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಪಾತ್ರೆ ತೊಳೆದು ಅಡಿಗೆ ಮಾಡುವ ಹೆಂಗಸರಿದ್ದಾರೆ. ಅವರ ಮಕ್ಕಳಿಗೆ ದಡಾರದ ಎರಡನೆಯ ಲಸಿಕೆ ಆಯಿತೇ ಎಂದು ಎಷ್ಟು ಜನ ವಿಚಾರಿಸಿದ್ದೇವೆ? ವಿಚಾರಿಸಿ, ಆ ದಿನದ ಸಂಬಳವನ್ನು ಮುರಿದುಕೊಳ್ಳದೆ ಕಳುಹಿಸಿಕೊಡುವುದು ದಾನವಲ್ಲ, ನಾಗರಿಕ ಧರ್ಮ. ರೋಗವು ಕಾಂಪೌಂಡಿನ ಗೋಡೆಯನ್ನು ನೋಡಿ ಹಿಂದಿರುಗುವುದಿಲ್ಲವೆಂಬ ಭಯದಿಂದ ಈ ಕಾರ್ಯವನ್ನು ಮಾಡುವವರು ಮಾಡಲಿ. ಆದರೆ ನೆರೆಯ ಮಗುವೂ ನಮ್ಮ ಮಗುವಿನಂತೆಯೇ ಬದುಕಲು ಹಕ್ಕುಳ್ಳದ್ದೆಂಬ ನ್ಯಾಯಕ್ಕಾಗಿ ಮಾಡುವುದು ಅದಕ್ಕಿಂತ ಮೇಲಾದುದು.

ಸ್ವತಂತ್ರ ಭಾರತವು ೧೯೭೫ರಲ್ಲಿ ಸಿಡುಬನ್ನು ಓಡಿಸಿತು, ೨೦೧೧ರಲ್ಲಿ ಪೋಲಿಯೋವನ್ನು ಕೊನೆಗಾಣಿಸಿತು. ಎರಡು ಬಾರಿಯೂ ಗೆದ್ದುದು ಕಟ್ಟಕಡೆಯ ಗುಡಿಸಲಿನ ಕಟ್ಟಕಡೆಯ ಮಗುವನ್ನು ಬಿಡೆವೆಂಬ ಹಟದಿಂದ. ನಮ್ಮ ಪಟ್ಟಣಗಳ ಗೋಪುರಗಳನ್ನು ಎತ್ತಿ ನಿಲ್ಲಿಸಿದ ಕೈಗಳ ಕೂಸು ಅದೇ ಗೋಪುರದ ನೆರಳಿನಲ್ಲಿ, ತಡೆಯಬಹುದಾಗಿದ್ದ ರೋಗದಿಂದ ಸಾಯುವುದಾದರೆ ಆ ಗೋಪುರದ ಎತ್ತರದಿಂದ ನಮಗೆ ಯಾವ ಕೀರ್ತಿಯೂ ಬರಲಾರದು. ಮದ್ದು ಇದೆ, ಕಾನೂನು ಇದೆ, ಅನುಭವವೂ ಇದೆ. ಉಳಿದಿರುವುದು ಆ ಅರ್ಧ ಮೈಲಿ. ಅದನ್ನು ನಡೆಯಬೇಕಾದವರು ನಾವು, ಆ ಮಗುವಲ್ಲ.